ಉಪ್ಪುನೀರಲ್ಲಿ ಕುಗ್ಗಿದ ಮಣಿ

ಚೌತಿ ಮುಗಿದ ವಾರ ಮಕ್ಕಳ ಹೊಟ್ಟೆ ಕೆಡುವುದು ಅಂಕೋಲೆ ಹತ್ತಿರದ ಮೀನುಗಾರರ ಊರು ಕೇಣಿಯಲ್ಲಿ ಹೊಸದಲ್ಲ. ಕರ್ಜಿಕಾಯಿ, ಚಕ್ಕುಲಿ, ಪಂಚಕಜ್ಜಾಯ ಡಬ್ಬಿಯ ತಳ ಕಾಣುವ ತನಕ ಮಕ್ಕಳ ಕೈಗೆ ಸಿಗುತ್ತಲೇ ಇರುತ್ತವೆ. ಹಾಗಾಗಿ ದೇವಿದಾಸನ ಎರಡು ವರ್ಷದ ಮಗಳು ಮಾನಸಾ ಶನಿವಾರ ಸಂಜೆ ಉಂಡದ್ದನ್ನೆಲ್ಲ ಕಕ್ಕಿದಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಅಜ್ಜಿ ಹೀರಾ ಓಮ ಕುದಿಸಿದ ನೀರು ಎರಡು ಚಮಚ ಕುಡಿಸಿದಳು. ಮಗು ಅದನ್ನೂ ಕಕ್ಕಿತು. ಪಕ್ಕದ ಮನೆಯ ಹೊನ್ನಮ್ಮ ಬಂದು ನೋಡಿ, ಹಬ್ಬದ ಎಣ್ಣೆ ಹೊಟ್ಟೆಯಿಂದ ಇಳಿಯಬೇಕಲ್ಲ, ನಾಳೆ ಸರಿಹೋಗುತ್ತದೆ ಎಂದು ಹೇಳಿ ಹೋದಳು.

ಬೆಳಿಗ್ಗೆ ಸರಿಹೋಗಲಿಲ್ಲ. ಮಾನಸಾಳ ಹೊಟ್ಟೆ ಬಿಗಿದು ಉಬ್ಬಿತ್ತು. ಮೊಣಕಾಲನ್ನು ಎದೆಗೆ ಎಳೆದುಕೊಂಡು ಅಳುತ್ತಿತ್ತು, ಮಧ್ಯೆ ಮಧ್ಯೆ ಸುಮ್ಮನಾಗಿ ಮತ್ತೆ ಅಳುತ್ತಿತ್ತು. ಹಾಲು ತುಟಿಗೆ ಹಿಡಿದರೆ ಮುಖ ತಿರುಗಿಸುತ್ತಿತ್ತು. ಈ ಸಲ ಕಕ್ಕಿದ್ದು ಹಸಿರಾಗಿತ್ತು.

ಅದನ್ನು ಒರೆಸಲು ಬಟ್ಟೆ ಹುಡುಕುತ್ತ ಮಂಚದ ಕೆಳಗೆ ಕೈ ಹಾಕಿದ ಸೊಸೆ ಲತಾಳ ಬೆರಳಿಗೆ ಒಂದು ತಣ್ಣನೆಯ, ಜಾರುವ ಗುಂಡು ತಾಗಿತು. ಹೊರಗೆ ಎಳೆದು ನೋಡಿದರೆ ಹಸಿರು ಬಣ್ಣದ ಮಣಿ. ಅದರ ಹಿಂದೆ ಹರಿದ ಪ್ಯಾಕೆಟ್ಟು ಬಿದ್ದಿತ್ತು. ಸುತ್ತಲೂ ಸಾಬುದಾಣಿಯ, ಅಂದರೆ ಸಬ್ಬಕ್ಕಿಯ, ಕಾಳಿನಂಥ ಪುಟ್ಟ ಬಣ್ಣದ ಕಾಳುಗಳು ಚೆಲ್ಲಿದ್ದವು. ಒಂದು ಕಾಳು ಕೊಡದಿಂದ ಸೋರಿದ ನೀರಿಗೆ ಸಿಕ್ಕಿ ದಪ್ಪಗಾಗಿತ್ತು, ಲತಾಳ ಕೈಗೆ ಸಿಕ್ಕಿದ್ದು ಅದೇ.

ಆ ಪ್ಯಾಕೆಟ್ಟು ತಂದವನು ಲತಾಳ ತಮ್ಮ ಕಿಶೋರ. ಕಾರವಾರದ ಹಬ್ಬುವಾಡದಲ್ಲಿ ಅವನ ಮನೆ. ಚೌತಿಗೆ ಅಕ್ಕನ ಮನೆಗೆ ಬರುವಾಗ ಗಣಪತಿಯ ಮುಂದೆ ಅಲಂಕಾರಕ್ಕೆಂದು ಒಂದು ಅಂಗಡಿಯಿಂದ ತಂದಿದ್ದ. ಒಣಗಿದ್ದಾಗ ಕಾಳು, ನೀರಿಗೆ ಹಾಕಿಟ್ಟರೆ ಬೆಳಗಾಗುವುದರೊಳಗೆ ಗೋಲಿಗಿಂತ ದೊಡ್ಡ ಮಣಿ. ಗಾಜಿನ ಬಟ್ಟಲಲ್ಲಿ ತುಂಬಿ ಕೆಳಗೆ ದೀಪ ಇಟ್ಟಾಗ ಕೇರಿಯವರೆಲ್ಲ ಬಂದು ನೋಡಿದ್ದರು. ಮಕ್ಕಳಿರುವ ಮನೆ ಎಂದು ಲತಾ ಪ್ಯಾಕೆಟ್ಟನ್ನು ತಿರುಗಿಸಿ ಓದಿಯೂ ಇದ್ದಳು. ವಿಷವಲ್ಲ ಎಂದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು. ಅಷ್ಟಕ್ಕೆ ಸಮಾಧಾನಪಟ್ಟು, ಉಳಿದ ಕಾಳುಗಳನ್ನು ಕಿಟಕಿಯ ಹಲಗೆಯ ಮೇಲೆ ಇಟ್ಟಿದ್ದಳು. ಹಬ್ಬದಲ್ಲಿ ಸಾಬುದಾಣಿ ಪಾಯಸವನ್ನು ಬಟ್ಟಲು ಬಟ್ಟಲು ಉಂಡ ಮಗುವಿಗೆ ಬಣ್ಣದ ಸಾಬುದಾಣಿ ಸಿಕ್ಕಿದರೆ ಏನು ಮಾಡುತ್ತದೆ ಎಂಬುದು ಆಗ ತಲೆಗೆ ಹೊಳೆದಿರಲಿಲ್ಲ.

"ಅತ್ತೆ, ಇದ್ನ ತಿಂದಿದೆ ಅದು," ಎಂದಳು ಲತಾ. ಅಳುತ್ತ ಮಣಿಯನ್ನು ಅತ್ತೆಯ ಮುಂದೆ ಹಿಡಿದಳು.

ಹೀರಾ ಮಣಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಅವಳಿಗೆ ಉಸಿರು ತಿರುಗಿ ಬಂದಂತಾಯಿತು. ಇದರ ಮದ್ದು ತನಗೆ ಗೊತ್ತಿದೆ ಎಂದು ಅವಳು ನಂಬಿದ್ದಳು.

ಹೀರಾ ಒಣಮೀನಿನ ವ್ಯಾಪಾರದವಳು. ಮದುವೆಯಾಗಿ ಬಂದಾಗಿನಿಂದ ಬಂಗಡೆ ಮೀನಿಗೆ ಉಪ್ಪು ಹಾಕಿ ಒಣಗಿಸಿ ಅಂಕೋಲೆಯ ಪೇಟೆಯಲ್ಲಿ ಕೂತು ಮಾರಿದವಳು. ಮೀನು ಸೀಳಿ, ಸಾಣಿಕಟ್ಟೆಯ ಕಲ್ಲುಪ್ಪು ಹಚ್ಚಿ ತೊಟ್ಟಿಯಲ್ಲಿ ಒತ್ತಾಗಿ ಜೋಡಿಸಿದರೆ ಮರುದಿನ ಮೀನು ತನ್ನದೇ ನೀರಿನಲ್ಲಿ ಮುಳುಗಿರುತ್ತದೆ. ತೊಟ್ಟಿಗೆ ಒಂದು ಹನಿ ನೀರು ಹಾಕದಿದ್ದರೂ ಅಷ್ಟು ನೀರು ಎಲ್ಲಿಂದ ಬಂತು? ಉಪ್ಪು ಎಳೆದದ್ದು. ಈ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಸಾಲದ್ದಕ್ಕೆ, ಹಬ್ಬದ ದಿನವೇ ದಪ್ಪ ಮಣಿಯೊಂದು ಉರುಳಿಹೋಗಿ ಹಿತ್ತಲಿನ ಉಪ್ಪುನೀರಿನ ತೊಟ್ಟಿಗೆ ಬಿದ್ದಿತ್ತು. ಸಂಜೆ ಕೈಗೆ ಸಿಕ್ಕಾಗ ಅದು ಬಟಾಣಿಯಷ್ಟಾಗಿತ್ತು. ನಿಮ್ಮ ಮ್ಯಾಜಿಕ್ಕು ನನ್ನ ಉಪ್ಪಿನ ಮುಂದೆ ನಡೆಯಲಿಲ್ಲ ಎಂದು ಅವಳು ಕಿಶೋರನನ್ನು ಎಲ್ಲರೆದುರು ಹಂಗಿಸಿದ್ದಳು.

"ಅಳೂದೆಂತಕ್ಕೆ? ಒಂದು ಲೋಟ ಉಪ್ಪುನೀರು ಒಳಗೆ ಹೋದ್ರೆ ಮಣಿ ಮತ್ತೆ ಕಾಳಾಗ್ತದೆ. ನಾಳೆ ಹಿಂದಿಂದ ಬಂದುಹೋಗ್ತದೆ," ಎಂದು ಹೀರಾ ಹೇಳಿ ಒಳಗೆ ಹೋಗಿ ಲೋಟಕ್ಕೆ ಉಪ್ಪು ಸುರಿದು ಕಲಕತೊಡಗಿದಳು.

ಲತಾ ಅತ್ತೆಗೆ ಎದುರು ಮಾತಾಡಿದವಳಲ್ಲ. ಮಗುವನ್ನು ಗಂಡನ ತೊಡೆಯ ಮೇಲೆ ಹಾಕಿ, ಪ್ಯಾಕೆಟ್ಟು ಹಿಡಿದು, ಎರಡು ಮನೆ ಆಚೆಗಿನ ಯೋಗಿತಾಳ ಮನೆಗೆ ಓಡಿದಳು. ಯೋಗಿತಾ ಪಕ್ಕದ ಊರಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಭಾನುವಾರವಾದ್ದರಿಂದ ಮನೆಯಲ್ಲಿದ್ದಳು. ಪ್ಯಾಕೆಟ್ಟು ನೋಡಿದವಳೇ ತಲೆಗೆ ಹಚ್ಚಿಕೊಂಡ ಎಣ್ಣೆಯಲ್ಲೇ ಹೊರಟುಬಂದಳು.

ಅವಳು ಬರುವಾಗ ಹೀರಾ ಲೋಟ ಹಿಡಿದು ಮೊಮ್ಮಗಳ ಬಾಯಿ ತೆರೆಸಲು ಹೆಣಗುತ್ತಿದ್ದಳು.

"ಮಾವಶಿ, ಆ ಲೋಟ ಕೆಳಗಿಡಿ," ಎಂದಳು ಯೋಗಿತಾ.

ಹೀರಾಳಿಗೆ ಸಿಟ್ಟು ಬಂತು. "ನಿನ್ನ ಓದು ನಿನಗಿರಲಿ ಹೆಣ್ಣೇ. ಉಪ್ಪು ನೀರು ಎಳೀತದೆ ಅನ್ನೂದು ಸುಳ್ಳಾ?"

"ಸುಳ್ಳಲ್ಲ."

"ಮಣಿ ಕುಗ್ಗಿದ್ದು ಸುಳ್ಳಾ? ನಾನು ಕಣ್ಣಾರೆ ಕಂಡದ್ದು."

"ಅದೂ ಖರೆ. ನೀವು ಕಂಡದ್ದು ಒಂದೂ ಸುಳ್ಳಲ್ಲ. ಆ ಮಣಿ ತೊಟ್ಟಿಯಿಂದ ತೆಗೆದು ಎಲ್ಲಿ ಒಗೆದ್ರಿ, ಹೇಳಿ ನೋಡುವ."

ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಎಸೆದಿದ್ದೆ ಎಂದಳು ಹೀರಾ. ಹೇಳುತ್ತಿದ್ದ ಹಾಗೇ ಅವಳಿಗೆ ಉಳಿದದ್ದೂ ನೆನಪಾಯಿತು. ಅಂದು ರಾತ್ರಿಯಿಡೀ ಮಳೆ ಬಿದ್ದಿತ್ತು. ಮಾರನೇ ದಿನ ಪಾತ್ರೆ ತೊಳೆಯಲು ಹೋದಾಗ ಕಲ್ಲಿನ ಬುಡದಲ್ಲಿ ಮಣಿ ಹಿಂದಿನಂತೆಯೇ ದಪ್ಪಗೆ ಕೂತಿತ್ತು. ಬೇರೆ ಮಣಿ ಇರಬೇಕೆಂದು ಅವಳು ಅದನ್ನು ಕಾಲಿನಿಂದ ಒದ್ದಿದ್ದಳು.

"ಅದೇ ಮಣಿ ಮಾವಶಿ. ಉಪ್ಪು ಇರೂವರೆಗೆ ಕುಗ್ತದೆ, ಸಿಹಿನೀರು ಸಿಕ್ಕಿದ ಕೂಡಲೆ ಹಿಗ್ತದೆ. ಹೊಟ್ಟೆಯೊಳಗೆ ಉಪ್ಪು ಮಣಿಯ ಹತ್ರ ಕೂತಿರೂದಿಲ್ಲ, ರಕ್ತಕ್ಕೆ ಸೇರ್ತದೆ." ಯೋಗಿತಾ ಮಗುವಿನ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟು, ತುಟಿ ಒಣಗಿರುವುದನ್ನು ನೋಡಿದಳು. "ಇನ್ನೊಂದು ಕೇಳ್ತೆ. ತೊಟ್ಟಿಗೆ ಎಷ್ಟು ಉಪ್ಪು ಹಾಕ್ತ್ರಿ?"

"ಮೂರು ಪಾಲು ಮೀನಿಗೆ ಒಂದು ಪಾಲು."

"ಅಷ್ಟು ಉಪ್ಪು ಬಂಗಡೆಗೆ ಎಂತ ಮಾಡ್ತದೆ?"

ಹೀರಾ ಲೋಟವನ್ನು ಮಗುವಿನ ಬಾಯಿಂದ ತುಸು ಹಿಂದಕ್ಕೆ ಸರಿಸಿದಳು.

"ಮಣಿ ಕುಗ್ಗೂವಷ್ಟು ಉಪ್ಪು ಇದರ ಹೊಟ್ಟೆಗೆ ಹೋದ್ರೆ, ಅದು ಎಳೆಯೂದು ಇದರ ಮೈಯ ನೀರನ್ನ. ಕಕ್ಕಿ ಕಕ್ಕಿ ಮೊದಲೇ ನೀರಿಲ್ಲ. ಮಣಿ ಯಾವುದು, ಮಗು ಯಾವುದು ಅಂತ ಉಪ್ಪಿಗೆ ಗೊತ್ತಾಗೂದಿಲ್ಲ ಮಾವಶಿ."

ಹೀರಾ ಲೋಟ ನೋಡಿದಳು, ಮೊಮ್ಮಗಳ ತುಟಿ ನೋಡಿದಳು. ತೊಟ್ಟಿಯಲ್ಲಿ ಮರುದಿನ ಮೀನಿನ ಚರ್ಮ ಹೇಗಿರುತ್ತದೆಂಬುದು ಅವಳ ಕೈಗೆ ಗೊತ್ತಿತ್ತು. ಎದ್ದು ಹಿತ್ತಲಿಗೆ ಹೋಗಿ ಲೋಟದ ನೀರನ್ನು ತೊಟ್ಟಿಗೇ ಸುರಿದು ಬಂದಳು.

ಅಷ್ಟರಲ್ಲಿ ಹೊನ್ನಮ್ಮ ಒಂದು ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದರೆ ಬಾಳೆಹಣ್ಣು ನುಂಗಿಸಿ ತಳ್ಳುವುದು ಕೇರಿಯ ಪದ್ಧತಿ, ಮಣಿಯನ್ನೂ ಹಾಗೇ ತಳ್ಳಬಹುದು ಎಂದು ಅವಳ ಲೆಕ್ಕ. ಮುಚ್ಚಿದ ದಾರಿಗೆ ಇನ್ನಷ್ಟು ತುಂಬಿದಂತಾಗುತ್ತದೆ, ವೈದ್ಯರು ನೋಡುವ ತನಕ ಬಾಯಿಗೆ ಏನೂ ಬೇಡ, ಬೆರಳು ಹಾಕಿ ಕಕ್ಕಿಸುವುದೂ ಬೇಡ ಎಂದು ಯೋಗಿತಾ ತಿಳಿಸಿದಳು. ಹೊನ್ನಮ್ಮ ಅಲ್ಲೇ ನಿಂತು ಬಾಳೆಹಣ್ಣನ್ನು ತಾನೇ ಸುಲಿದು ತಿಂದಳು. ಲತಾ ಮಾತ್ರ ಒಂದೇ ಮಾತು ಕೇಳಿದಳು, ವಿಷ ಅಲ್ಲ ಅಂತ ಬರೆದಿದೆಯಲ್ಲ ಎಂದು.

"ವಿಷ ಅಲ್ಲ ಅನ್ನೂದು ನಿಜವೇ ಇರಬಹುದು," ಎಂದಳು ಯೋಗಿತಾ. "ಇದು ಕೊಲ್ಲೂದು ವಿಷದಿಂದ ಅಲ್ಲ, ಗಾತ್ರದಿಂದ."

ಎಷ್ಟು ನುಂಗಿದೆ, ಒಂದೋ ಹತ್ತೋ, ಅದು ತನಗೂ ತಿಳಿಯದು, ಅದನ್ನು ಆಸ್ಪತ್ರೆಯಲ್ಲೇ ನೋಡಬೇಕು ಎನ್ನುತ್ತ ಅವಳು 108ಕ್ಕೆ ಕರೆ ಮಾಡಿದಳು. ಪ್ಯಾಕೆಟ್ಟನ್ನೂ ಉಳಿದ ಕಾಳುಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಲತಾಳ ಕೈಗೆ ಕೊಟ್ಟಳು. ಏನೋ ತಿಂದಿದೆ ಎಂದು ಹೇಳಬೇಡ, ನೀರು ಹೀರಿ ಹಿಗ್ಗುವ ಮಣಿ ನುಂಗಿದೆ ಎಂದೇ ಹೇಳು, ಚೀಲವನ್ನು ಮೊದಲು ತೋರಿಸು ಎಂದು ಎರಡು ಸಲ ಹೇಳಿದಳು.

ಅಂಕೋಲೆಯ ಆಸ್ಪತ್ರೆಯಲ್ಲಿ ಮಗುವಿನ ಕೈಗೆ ಸಲೈನ್ ಹಚ್ಚಿ, ಅದೇ ಆಂಬುಲೆನ್ಸಿನಲ್ಲಿ ಕಾರವಾರಕ್ಕೆ ಕಳಿಸಿದರು. ಪೇಟೆ ದಾಟಿ ಹೆದ್ದಾರಿ ಹಿಡಿದ ಮೇಲೆ ಮಾನಸಾ ಅಳುವುದನ್ನು ನಿಲ್ಲಿಸಿತು. ದೇವಿದಾಸನಿಗೆ ಅದು ಒಳ್ಳೆಯ ಲಕ್ಷಣವಾಗಿ ಕಂಡಿತು. ಹೀರಾಳಿಗೆ ಹಾಗೆ ಕಾಣಲಿಲ್ಲ. ಅವಳು ಮೊಮ್ಮಗಳ ಪಾದ ಹಿಡಿದುಕೊಂಡು ಕೂತಿದ್ದಳು. ಪಾದ ತಣ್ಣಗಿತ್ತು.

ಕಾರವಾರದಲ್ಲಿ ಎಕ್ಸ್‌ರೇ ತೆಗೆದರು. ಕರುಳಿನಲ್ಲಿ ಗಾಳಿ ತುಂಬಿ ನಿಂತಿದೆ, ಮಣಿ ಮಾತ್ರ ಕಾಣುವುದಿಲ್ಲ, ಸ್ಕ್ಯಾನಿಂಗ್ ಮಾಡಬೇಕು, ಸ್ಕ್ಯಾನಿಂಗ್ ವೈದ್ಯರು ಬರುತ್ತಿದ್ದಾರೆ, ಕಾಯಿರಿ ಎಂದರು ಡಾಕ್ಟರು. ದೇವಿದಾಸ ಆ ಮಾತಿನಲ್ಲಿ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡ. ಮಣಿ ಕಾಣುವುದಿಲ್ಲ ಎಂದರೆ ಮಣಿ ಇಲ್ಲ. ಸಂಜೆ ಅವನು ಮೀನಿಗೆ ಹೋಗುವ ಬೋಟು ಹೊರಡುವುದಿತ್ತು, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಮೀನು ಸಿಗುವ ದಿನಗಳು. ಗಾಳಿ ತುಂಬಿದ್ದಕ್ಕೆ ಗುಳಿಗೆ ಬರೆಸಿಕೊಂಡು ಹೋಗುವ ಎಂದು ಎದ್ದು ನಿಂತ.

"ಕೂತ್ಕೊ," ಎಂದಳು ಹೀರಾ.

"ಆಯಿ, ಫೋಟೋದಲ್ಲೇ ಇಲ್ಲ ಅಂದ್ಮೇಲೆ..."

"ಬೋಟಿನ ಮೇಲಿಂದ ನಿಂಗೆ ಲೋಳೆಮೀನು ಕಾಣ್ತದೇನೋ? ಬಲೆ ಭಾರ ಆಗಿ ಎಳೆದ ಮೇಲೇ ಅಲ್ಲ ಗೊತ್ತಾಗೂದು? ಅದೂ ನೀರೇ, ಇದೂ ನೀರೇ. ನೀರಲ್ಲಿ ನೀರು ಕಾಣೂದಿಲ್ಲ. ಕೂತ್ಕೊ."

ದೇವಿದಾಸ ಕೂತ. ಬಲೆ ತುಂಬ ಮೀನೆಂದು ನಂಬಿ ಎಳೆದು, ನೀರಿನಂತೆ ತಿಳಿಯಾದ, ಯಾರೂ ಕೊಳ್ಳದ ಲೋಳೆಮೀನೇ ತುಂಬಿದ್ದು ಕಂಡು ಹಣೆ ಚಚ್ಚಿಕೊಂಡ ದಿನಗಳು ಅವನಿಗೂ ಇದ್ದವು.

ಅಲ್ಲೇ ನಿಂತಿದ್ದ ಡಾಕ್ಟರು ಈ ಮಾತು ಕೇಳಿ ತಲೆಯಾಡಿಸಿದರು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನುಂಗಿದ ನಾಣ್ಯ ಕಾಣುತ್ತದೆ, ಈ ಮಣಿ ಬಹುಪಾಲು ನೀರೇ ಆದ್ದರಿಂದ ಅದರಲ್ಲಿ ಮೂಡುವುದಿಲ್ಲ, ಅಜ್ಜಿ ಹೇಳಿದ್ದು ಸರಿ ಎಂದರು. ಹೀರಾ ತಲೆಯೆತ್ತಲಿಲ್ಲ. ಬೆಳಿಗ್ಗೆ ತನ್ನ ಕೈಯಲ್ಲಿದ್ದ ಲೋಟ ಅವಳ ಕಣ್ಣೆದುರಿಗೇ ಇತ್ತು.

ಸ್ಕ್ಯಾನಿಂಗಿನಲ್ಲಿ ಕಂಡಿತು. ಸಣ್ಣ ಕರುಳಿನ ಕೊನೆಯ ಹತ್ತಿರ ದುಂಡಗಿನ ನೆರಳು, ಅದರ ಹಿಂದಿನ ಕರುಳೆಲ್ಲ ಉಬ್ಬಿ ನಿಂತಿತ್ತು. ಮಧ್ಯಾಹ್ನವೇ ಆಪರೇಷನ್ ಆಯಿತು. ಒಳಗಿದ್ದದ್ದು ಒಂದೇ ಮಣಿ. ಕರುಳಿನ ಆ ಭಾಗ ಕಂದುತ್ತಿತ್ತು, ಸತ್ತಿರಲಿಲ್ಲ. ಕತ್ತರಿಸಬೇಕಾಗಿ ಬರಲಿಲ್ಲ. ಇನ್ನೂ ತಡವಾಗಿದ್ದರೆ ಕರುಳು ಕೊಳೆತು ಜೀವಕ್ಕೇ ಕುತ್ತು ಬರುತ್ತಿತ್ತು ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳಿದರು.

ಅವರು ಮಣಿಯನ್ನು ಒಂದು ಸಣ್ಣ ಬಟ್ಟಲಲ್ಲಿ ತಂದು ತೋರಿಸಿದರು. ನೆಲ್ಲಿಕಾಯಿಯ ಗಾತ್ರ. ಕೈಗವಸು ಹಾಕಿಸಿಕೊಂಡು ಹೀರಾ ಅದನ್ನು ಎರಡು ಬೆರಳಲ್ಲಿ ಹಿಡಿದು ಅದುಮಿದಳು. ಮೆತ್ತಗಿತ್ತು. ಅಷ್ಟು ನೀರು ಕುಡಿದಿದ್ದರೂ ಒಂದು ಹನಿ ಹೊರಗೆ ಬರಲಿಲ್ಲ. ಒತ್ತಿದಷ್ಟೂ ಜಾರಿತು, ನೀರು ಬಿಡಲಿಲ್ಲ.

ಮರುದಿನ ಕೆಲಸ ಮುಗಿಸಿ ವಾರ್ಡಿಗೆ ಬಂದ ಯೋಗಿತಾಳನ್ನು ಹೀರಾ ಇದೇ ಕೇಳಿದಳು. ಸ್ಪಂಜು ಹಿಂಡಿದರೆ ನೀರು ಬಿಡುತ್ತದೆ, ಅರಿವೆ ಹಿಂಡಿದರೆ ಬಿಡುತ್ತದೆ, ಇದು ಯಾಕೆ ಬಿಡುವುದಿಲ್ಲ? ಯೋಗಿತಾ ದೇವಿದಾಸನ ಕಡೆ ತಿರುಗಿ ಬಲೆಯ ಮಾತಿನಲ್ಲೇ ವಿವರಿಸಿದಳು. ಈ ಮಣಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ಬಲೆ. ಒಣಗಿದಾಗ ಬಲೆ ಮುದ್ದೆಯಾಗಿ ಕಾಳಿನಷ್ಟಾಗಿರುತ್ತದೆ. ನೀರು ಒಳಗೆ ಹೊಕ್ಕರೆ ಎಳೆಗಳು ಒಂದನ್ನೊಂದು ದೂರ ತಳ್ಳುತ್ತವೆ, ಬಲೆಯ ಕಣ್ಣು ಅಗಲವಾಗುತ್ತದೆ, ಇನ್ನಷ್ಟು ನೀರು ಹೊಗುತ್ತದೆ. ತನ್ನ ತೂಕದ ನೂರು ಪಟ್ಟು, ಕೆಲವು ಅದಕ್ಕೂ ಹೆಚ್ಚು ನೀರನ್ನು ಹಿಡಿಯುತ್ತವೆ. ಎಳೆಗೆ ಎಳೆ ಗಂಟು ಹಾಕಿರುವುದರಿಂದ ಬಲೆ ಬಿಚ್ಚಿಹೋಗುವುದಿಲ್ಲ, ಕರಗುವುದೂ ಇಲ್ಲ. ಸ್ಪಂಜಿನಲ್ಲಿ ನೀರು ದೊಡ್ಡ ತೂತುಗಳಲ್ಲಿ ಸುಮ್ಮನೆ ನಿಂತಿರುತ್ತದೆ, ಇಲ್ಲಿ ಎಳೆ ಎಳೆಗೂ ಅಂಟಿಕೊಂಡಿರುತ್ತದೆ. ಹೊರಗೆ ಉಪ್ಪು ಹೆಚ್ಚಿದ್ದರೆ ಎಳೆಗಳ ತಳ್ಳಾಟ ಕಡಿಮೆಯಾಗಿ, ನೀರು ಉಪ್ಪಿನ ಕಡೆಗೆ ಹೊರಟು, ಬಲೆ ಮತ್ತೆ ಮುದುಡುತ್ತದೆ. ಮಗುವಿನ ಡೈಪರಿನೊಳಗಿನ ಪುಡಿಯೂ, ಹೂವಿನ ಕುಂಡಕ್ಕೆ ಹಾಕುವ ಹರಳೂ ಇದೇ ಜಾತಿಯವು. ಅವುಗಳ ಜಾಗದಲ್ಲಿದ್ದರೆ ಉಪಯೋಗದ ವಸ್ತುವೇ.

"ಮತ್ತೆ ಶನಿವಾರ ಮಧ್ಯಾಹ್ನದವರೆಗೆ ಆಡ್ತಾ ಇತ್ತಲ್ಲ ಮಗು?" ಎಂದ ದೇವಿದಾಸ. ಶುಕ್ರವಾರವೇ ತಿಂದಿರಬೇಕು ಎಂದು ಅಷ್ಟರಲ್ಲಿ ಮನೆಯವರು ಲೆಕ್ಕ ಹಾಕಿದ್ದರು.

ಜಠರದಲ್ಲಿ ಹುಳಿ ಇರುತ್ತದೆ, ಹುಳಿಯಲ್ಲಿ ಈ ಮಣಿ ಹೆಚ್ಚು ಹಿಗ್ಗುವುದಿಲ್ಲ, ಸಣ್ಣದಾಗಿಯೇ ಮುಂದೆ ಜಾರುತ್ತದೆ, ಕರುಳಿಗೆ ಇಳಿದ ಮೇಲೆ ಹುಳಿ ಕಡಿಮೆಯಾಗಿ ಅಲ್ಲಿ ಹಿಗ್ಗಿ ಸಿಕ್ಕಿಬೀಳುತ್ತದೆ ಎಂದಳು ಯೋಗಿತಾ. ಮಗು ಆಡುತ್ತಿದೆ ಎಂಬುದನ್ನೇ ನೋಡಿ ಮನೆಯಲ್ಲಿ ಕಾದು ಕೂರಬಾರದು ಎನ್ನುವುದು ಇದಕ್ಕೇ.

ಮಾನಸಾ ಮನೆಗೆ ಬಂದ ಮೇಲಿನ ಬುಧವಾರ ಸ್ವಸಹಾಯ ಸಂಘದ ಸಭೆ ಹೀರಾಳ ಅಂಗಳದಲ್ಲಿ ನಡೆಯಿತು. ಹೀರಾ ಹಿಂದಿನ ದಿನವೇ ಮೂರು ಗಾಜಿನ ಲೋಟಗಳಲ್ಲಿ ಒಂದೊಂದು ಕಾಳು ಹಾಕಿ, ಎತ್ತರದ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದಳು. ಒಂದರಲ್ಲಿ ಬಾವಿ ನೀರು, ಒಂದರಲ್ಲಿ ಸಮುದ್ರದ ನೀರು, ಒಂದರಲ್ಲಿ ತೊಟ್ಟಿಯ ಉಪ್ಪುನೀರು. ಸಭೆಯಲ್ಲಿ ಹೊರಗೆ ತಂದಾಗ ಬಾವಿ ನೀರಿನದು ಗೋಲಿಗಿಂತ ದೊಡ್ಡದಾಗಿತ್ತು, ಸಮುದ್ರದ್ದು ಕಡಲೆಯಷ್ಟು, ತೊಟ್ಟಿಯದು ಅದಕ್ಕಿಂತಲೂ ಸಣ್ಣದು.

"ಹಂಗಾರೆ ಹೀರಾಬಾಯಿಯ ಉಪ್ಪೇ ಗೆದ್ದಂಗಾಯ್ತು," ಎಂದು ಹೊನ್ನಮ್ಮ ನಗೆಯಾಡಿದಳು. ಉಳಿದವರೂ ನಕ್ಕರು.

ಹೀರಾ ನಗಲಿಲ್ಲ. ತೊಟ್ಟಿಯ ನೀರಿನಲ್ಲಿದ್ದ ಮಣಿಯನ್ನು ಚಮಚದಲ್ಲಿ ತೆಗೆದು ಬಾವಿ ನೀರಿನ ಲೋಟಕ್ಕೆ ಹಾಕಿ, ಸಭೆಯ ನಡುವೆ ಇಟ್ಟಳು. ಉಳಿತಾಯದ ಮಾತು, ಮುಂದಿನ ತಿಂಗಳ ಮಾತು ಎಲ್ಲ ಮುಗಿಯುವಷ್ಟರಲ್ಲಿ ಆ ಮಣಿ ಎಲ್ಲರ ಕಣ್ಣೆದುರು ಮತ್ತೆ ಹಿಗ್ಗತೊಡಗಿತ್ತು. ಆಮೇಲೆ ಯಾರೂ ನಗೆಯಾಡಲಿಲ್ಲ. ಮಾನಸಾಳ ಹೊಟ್ಟೆಯ ಮೇಲಿನ ಹೊಲಿಗೆಯ ಗುರುತನ್ನು ಲತಾ ಅಂಗಿ ಎತ್ತಿ ತೋರಿಸಿದಳು. ಮಗು ಅಂಗಿ ಕೆಳಗೆಳೆದುಕೊಂಡು ಅಜ್ಜಿಯ ಹಿಂದೆ ಅಡಗಿತು.

ಸಭೆ ಮುಗಿದ ಮೇಲೆ ಹೀರಾ ಆ ಮೂರು ಮಣಿಗಳನ್ನೂ ಉಳಿದ ಕಾಳುಗಳನ್ನೂ ಒಂದು ಬಾಟಲಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಪಂಚಾಯತಿಯ ಕಸದ ಗಾಡಿಯವರಿಗೆ ಏನೆಂದು ತಿಳಿಸಿ ಒಪ್ಪಿಸಿದಳು. ಮೋರಿಗೆ ಹಾಕಿದರೆ ಅಲ್ಲೂ ಹಿಗ್ಗಿ ಕಟ್ಟಿಕೊಳ್ಳುತ್ತದೆ, ಸಮುದ್ರಕ್ಕೆ ಎಸೆದರೆ ಮೀನು ನುಂಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಜ್ಜಿಯರೇ, ಅಪ್ಪಂದಿರೇ, ಇವತ್ತು ಮನೆಗೆ ಹೋದ ಕೂಡಲೆ ಕಿಟಕಿಯ ಹಲಗೆ, ದೇವರ ಗೂಡು, ಆಟದ ಸಾಮಾನಿನ ಡಬ್ಬಿ ಒಮ್ಮೆ ನೋಡಿ. ನೀರಲ್ಲಿ ಹಿಗ್ಗುವ ಬಣ್ಣದ ಮಣಿ ಇದ್ದರೆ, ಸಣ್ಣ ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಜಾಗ ಇಲ್ಲ. ವಿಷವಲ್ಲ ಎಂದು ಬರೆದಿದ್ದರೂ ಇಲ್ಲ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಕಾಯಬೇಡಿ. ಉಪ್ಪುನೀರು, ಬಾಳೆಹಣ್ಣು, ಓಮದ ನೀರು ಏನೂ ಬೇಡ, ಕಕ್ಕಿಸಬೇಡಿ. ಪ್ಯಾಕೆಟ್ಟು ಹಿಡಿದು ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ, ನೀರು ಹೀರುವ ಮಣಿ ಎಂದೇ ಹೇಳಿ. ಎಕ್ಸ್‌ರೇಯಲ್ಲಿ ಕಾಣಲಿಲ್ಲ ಎಂದು ಎದ್ದು ಬರಬೇಡಿ. ಕಿವಿಗೋ ಮೂಗಿಗೋ ಹಾಕಿಕೊಂಡಿದ್ದರೆ ಎಣ್ಣೆ, ನೀರು, ಔಷಧದ ಹನಿ ಯಾವುದನ್ನೂ ಬಿಡದೆ ವೈದ್ಯರ ಹತ್ತಿರ ಕರೆದೊಯ್ಯಿರಿ.

ಹೀರಾ ಈಗಲೂ ಅಂಕೋಲೆಯ ಪೇಟೆಯಲ್ಲಿ ಒಣಮೀನು ಮಾರುತ್ತಾಳೆ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದ ಗಿರಾಕಿಗಳಿಗೆ ಬಂಗಡೆ ಕಟ್ಟಿಕೊಡುವಾಗ ಒಂದು ಮಾತು ಹೇಳಿಯೇ ಕಳಿಸುತ್ತಾಳೆ.

"ಉಪ್ಪು ಮೀನಿಗೆ ಇರಲಿ ಬಾಯೇ. ಮಗು ಮಣಿ ನುಂಗಿದ್ರೆ ಆಸ್ಪತ್ರೆಗೆ ನಡಿ."